ಮಾದಪ್ಪನ ಘಾಟಿಗೆ ಯಾವ ಹಳೆಯ ಸೈಕಲ್?

ಎಪ್ಪತ್ತು, ಎಂಬತ್ತರ ದಶಕದ ವಿದೇಶಿ ಟೂರಿಂಗ್ ಸೈಕಲ್‌ಗಳಿಗೆ ಮನಸೋಲುವುದರಲ್ಲಿ ತಪ್ಪೇನಿಲ್ಲ. ತೆಳು ಉಕ್ಕಿನ ಕೊಳವೆಗಳನ್ನು ಲಗ್ ಎಂಬ ಜೋಡಣೆ ತುಂಡಿನೊಳಗೆ ಕೂರಿಸಿ ಹಿತ್ತಾಳೆ ಕರಗಿಸಿ ಕೂಡಿಸಿದ ಆ ಫ್ರೇಮುಗಳು ಇವತ್ತಿಗೂ ಗಟ್ಟಿ. ಎರಡು ಗಾಲಿಗಳ ನಡುವೆ ಅಂತರ ಹೆಚ್ಚಿರುವುದರಿಂದ ಸಾಮಾನು ಹೇರಿದರೂ ಸೈಕಲ್ ಓಲಾಡದು. ಕ್ಯಾರಿಯರ್, ಮಡ್‌ಗಾರ್ಡು ಬಿಗಿಯಲು ತೂತುಗಳಿರುತ್ತವೆ, ಫ್ರೇಮು ಬಾಗಿದರೆ ತಿದ್ದಬಹುದು, ಬಿರುಕು ಬಿಟ್ಟರೆ ಬೆಸೆಯಬಹುದು. ಆದರೆ ಕೊಳ್ಳುವವರು ಮೊದಲು ನೋಡುವುದು ಕೊಳವೆಯ ಮೇಲಿನ ಹೆಸರನ್ನು ಮತ್ತು ಬಣ್ಣವನ್ನು. ಅವರು ನೋಡಬೇಕಾದದ್ದು ಒಂದು ಭಾಗ ಇನ್ನೊಂದರೊಳಗೆ ಸೇರುವ ಜಾಗದ ಅಳತೆಯನ್ನು. ಆ ಅಳತೆ ಒಂದೇ ಕಂಪನಿಗೆ ಸೇರಿದ್ದಾದರೆ, ಆ ಕಂಪನಿ ಅದನ್ನು ಕೈಬಿಟ್ಟ ದಿನವೇ ಸೈಕಲ್ಲಿನ ಆಯುಷ್ಯ ಕರಗತೊಡಗುತ್ತದೆ.

ಇದನ್ನು ಒರೆಗೆ ಹಚ್ಚಲು ಮಲೆ ಮಹದೇಶ್ವರ, ಅಂದರೆ ಮಾದಪ್ಪನ ಬೆಟ್ಟದ ದಾರಿಗಿಂತ ತಕ್ಕ ಜಾಗ ನಮ್ಮ ಸೀಮೆಯಲ್ಲಿ ಇಲ್ಲ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಬೆಟ್ಟ ಸೇರಲು ಸುಮಾರು 80 ಕಿಲೋಮೀಟರ್. ತಾಳಬೆಟ್ಟದಿಂದ ಮುಂದೆ ಘಾಟಿ. ಸುತ್ತ 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡು. ಈ ದಾರಿಯ ಸೈಕಲ್ ಶಾಪುಗಳಲ್ಲಿ ಏನು ಸಿಗುತ್ತದೆ ಎಂಬುದು ಅಲ್ಲಿನ ಜನ ಏನು ತುಳಿದಿದ್ದಾರೆ ಎಂಬುದರ ಮೇಲೆ ನಿಂತಿದೆ. ಅವರು ತುಳಿದದ್ದು ಹೀರೋ, ಅಟ್ಲಾಸ್, ಹರ್ಕ್ಯುಲಿಸ್. ಅವರ ಮಕ್ಕಳು ತುಳಿದದ್ದು 2006-07ರಿಂದ ಸರ್ಕಾರ ಎಂಟನೇ ತರಗತಿಗೆ ಹಂಚಿದ ಸೈಕಲ್ಲು. ಹೀಗಾಗಿ 28ರ ಒಂದೂವರೆ ಟೈರು, ಕಾಟರ್ ಪಿನ್, ಬಾಲ್ಸು, ಕೋನುಗಳಿಗೆ ಬರವಿಲ್ಲ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್‌ನಲ್ಲಿ ಕೆಲಸ ನಿಲ್ಲಿಸಿತು. ಅದರಿಂದ ನಮ್ಮ ಹಳ್ಳಿಯ ಅಟ್ಲಾಸ್ ಸೈಕಲ್ಲುಗಳು ಮೂಲೆ ಸೇರಲಿಲ್ಲ, ಏಕೆಂದರೆ ಹೀರೋಗೆ ಹಾಕುವ ಚೈನು, ಟೈರು, ಪೆಡಲು ಅಟ್ಲಾಸ್‌ಗೂ ಕೂರುತ್ತವೆ. ತಯಾರಕ ಹೋದರೂ ಅಳತೆ ಉಳಿಯಿತು.

ಇದಕ್ಕೆ ತದ್ವಿರುದ್ಧದ್ದು ಫ್ರಾನ್ಸಿನ ಪ್ಯೂಜೋ ಸೈಕಲ್ಲುಗಳ ಕತೆ. ಎಂಬತ್ತರ ದಶಕದಲ್ಲಿ ಅವುಗಳ ಹಲವು ಮಾದರಿಗಳಿಗೆ ಮೈಯಾರ್ ಕಂಪನಿಯ ಹೆಲಿಕೊಮ್ಯಾಟಿಕ್ ಹಬ್ ಬರುತ್ತಿತ್ತು. ಹಲ್ಲುಚಕ್ರದ ಗೊಂಚಲನ್ನು ಸುರುಳಿ ತೋಡಿನಲ್ಲಿ ಸಲೀಸಾಗಿ ಬಿಚ್ಚಿ ತೊಡಿಸಬಹುದಾಗಿದ್ದ ಜಾಣ ವಿನ್ಯಾಸ ಅದು. ಆದರೆ ಬೇರೆ ಯಾರ ಫ್ರೀವೀಲೂ ಅದಕ್ಕೆ ಹೊಂದುವುದಿಲ್ಲ, ಅದರದ್ದು ಈಗ ತಯಾರಾಗುವುದಿಲ್ಲ. ಜಪಾನಿನ ಶಿಮಾನೊ ಅದೇ ಕಾಲದಲ್ಲಿ ಡೈನಾ ಡ್ರೈವ್ ಎಂಬ ಪೆಡಲ್ ತಂದಿತು. ಪೆಡಲಿನ ಥ್ರೆಡ್ಡು ಸಾಮಾನ್ಯವಾಗಿ 9/16 ಇಂಚು ಇದ್ದಾಗ ಇದರದ್ದು ಪೂರಾ ಒಂದು ಇಂಚು. ಕಂಪನಿ ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟಿತು. ಇನ್ನು ನಾಟಿಂಗ್‌ಹ್ಯಾಮಿನ ರ್‍ಯಾಲಿ. ಉಳಿದ ಬಹುತೇಕರು ಇಂಚಿಗೆ 24 ಸುತ್ತಿನ ಥ್ರೆಡ್ಡಿನಲ್ಲಿ ಬಾಟಮ್ ಬ್ರಾಕೆಟ್ (ಕ್ರ್ಯಾಂಕಿನ ಅಚ್ಚು ತಿರುಗುವ ಭಾಗ) ಮಾಡುವಾಗ ರ್‍ಯಾಲಿಯ ಬಹಳಷ್ಟು ಸೈಕಲ್ಲುಗಳಿಗೆ 26 ಸುತ್ತು. ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣದು. ಬೇರೆ ಅಳತೆಯ ಬೇರಿಂಗ್ ಕಪ್ಪನ್ನು ಬಲವಂತವಾಗಿ ತಿರುಗಿಸಿದರೆ ಫ್ರೇಮಿನ ಥ್ರೆಡ್ಡೇ ಸವೆದು ಹೋಗುತ್ತದೆ.

ಹಾಗಾದರೆ ಒಂದೇ ಕಂಪನಿಯ ಭಾಗವಿರುವ ಯಾವ ಹಳೆಯ ಸೈಕಲ್ಲನ್ನೂ ಮುಟ್ಟಬಾರದೇ? ಹಾಗೇನಿಲ್ಲ. ಸ್ಟರ್ಮಿ ಆರ್ಚರ್‌ನ ಮೂರು ಗೇರಿನ ಎ.ಡಬ್ಲ್ಯೂ. ಹಬ್ ಒಂದೇ ಕಂಪನಿಯದು; ಆದರೆ 1936ರಿಂದ ದಶಕಗಳ ಕಾಲ ಹೆಚ್ಚು ಬದಲಾಗದೆ ತಯಾರಾಯಿತು. 2000ದಲ್ಲಿ ಇಂಗ್ಲೆಂಡಿನ ಕಂಪನಿ ಮುಳುಗಿದಾಗ ತೈವಾನಿನ ಸನ್‌ರೇಸ್ ಅದನ್ನು ಕೊಂಡು ತಯಾರಿಕೆ ಮುಂದುವರಿಸಿತು. ನಮ್ಮಲ್ಲೇ ನೋಡಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಆದರೂ ಜಾವಾ, ಯೆಜ್ಡಿ ಬೈಕುಗಳು ರಸ್ತೆಯಲ್ಲಿವೆ. ಮೂರು ದಶಕಕ್ಕೂ ಹೆಚ್ಚು ಕಾಲ ಬಂದ ಬೈಕು, ಕೈಪಳಗಿದ ಮೆಕ್ಯಾನಿಕ್‌ಗಳು, ಬಿಡಿಭಾಗ ಮಾಡಿಕೊಡುವವರು ಇದ್ದುದರಿಂದ ಅದು ಬದುಕಿತು. ಅಂದರೆ ಅಪಾಯ ಇರುವುದು ಸ್ವಂತ ಅಳತೆಯಲ್ಲಿ ಮಾತ್ರವಲ್ಲ. ಕೆಲವೇ ವರ್ಷ, ಕೆಲವೇ ಸಂಖ್ಯೆಯಲ್ಲಿ ಬಂದು ಹೋದ ಅಳತೆಯಲ್ಲಿ.

ಆ ಭಾಗ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಬೋಲ್ಟಿನಲ್ಲಿ ಕೂರುವ ಭಾಗ ವಿಚಿತ್ರವಾಗಿದ್ದರೆ ಭಯ ಬೇಡ. ಹೆಲಿಕೊಮ್ಯಾಟಿಕ್ ಹಬ್ಬಿನ ಗಾಲಿಯನ್ನೇ ತೆಗೆದು ಬೇರೆ ಗಾಲಿ ಕಟ್ಟಿಸಬಹುದು. ಹಳೆಯ ಟೂರಿಂಗ್ ಸೈಕಲ್ಲುಗಳ 27 ಇಂಚಿನ ರಿಮ್ಮಿನ ಬದಲು 700ಸಿ ರಿಮ್ ಹಾಕಲು ಬ್ರೇಕ್ ಬ್ಲಾಕು ನಾಲ್ಕು ಮಿಲಿಮೀಟರ್ ಕೆಳಗಿಳಿದರೆ ಸಾಕು, ಎಷ್ಟೋ ಬ್ರೇಕುಗಳಲ್ಲಿ ಅಷ್ಟು ಜಾಗವಿರುತ್ತದೆ. ಫ್ರೇಮಿನೊಳಗೇ ಕೊರೆದ ಥ್ರೆಡ್ಡು, ಹೆಡ್‌ಸೆಟ್ ಕೂರುವ ಬಾಯಿ, ಫೋರ್ಕಿನ ಕುತ್ತಿಗೆ ಹಾಗಲ್ಲ. ಅವು ಸುಲಭವಾಗಿ ಬದಲಾಗವು. ಬೆಲೆ ಕಟ್ಟುವಾಗ ಈ ಎರಡನ್ನೂ ಬೇರೆಬೇರೆಯಾಗಿ ತೂಗಬೇಕು.

ಅಂತರ್ಜಾಲದಲ್ಲಿ ಎಲ್ಲವೂ ಸಿಗುತ್ತದೆ ಎನ್ನುವವರಿದ್ದಾರೆ. ಸಿಗುತ್ತದೆ, ನಿಜ, ಆದರೆ ಬಹುಪಾಲು ಬಳಸಿ ಸವೆದದ್ದು, ಸಾಗಣೆ ಮತ್ತು ಸುಂಕ ಸೇರಿದ ಬೆಲೆಗೆ. ದಾಸ್ತಾನು ಪ್ರತಿ ವರ್ಷ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗದು. ಲೇತ್ ಕೆಲಸದವರು ಮಾಡಿಕೊಡುತ್ತಾರೆ ಎಂಬ ಮಾತಿಗೆ ಹೆಚ್ಚು ಬಲವಿದೆ. ಸ್ಪೇಸರು, ಪಿನ್ನು, ಬುಷ್ ಖಂಡಿತ ಮಾಡಿಕೊಡುತ್ತಾರೆ. ಬಾಲ್ಸು ಉರುಳುವ ಕಪ್ಪು, ಕೋನು ಮಾತ್ರ ಹದ ಕೊಟ್ಟು ಗಟ್ಟಿಮಾಡಿ ನುಣುಪಾಗಿ ಉಜ್ಜಿದ ಉಕ್ಕಾಗಿರಬೇಕು. ಮೆತ್ತನೆಯ ಉಕ್ಕಿನದರಲ್ಲಿ ಬೇಗ ಗುಳಿ ಬೀಳುತ್ತದೆ. ರ್‍ಯಾಲಿಯಂಥ ಫ್ರೇಮಿಗೆ ಥ್ರೆಡ್ಡೇ ಬೇಡದ, ಒಳಗೆ ಬಿಗಿದು ಕೂರುವ ಬಾಟಮ್ ಬ್ರಾಕೆಟ್‌ಗಳು ಈಗ ಬಂದಿವೆ. ಹಾಗಾಗಿ ರ್‍ಯಾಲಿ ಕೊಳ್ಳಲೇಬೇಡಿ ಎಂದು ನಾನು ಹೇಳುವುದಿಲ್ಲ, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ತನ್ನಿ ಎನ್ನುತ್ತೇನೆ. ಇನ್ನು ಪರಂಪರೆಯ ಮಾತು. ಮೂಲ ಭಾಗಗಳ ಸಮೇತ ಹಳೆಯ ಸೈಕಲ್ಲನ್ನು ಕಾಪಾಡುವುದು ಗೌರವದ ಕೆಲಸ. ಅಂಥದ್ದನ್ನು ಊರೊಳಗೆ ಮೆಲ್ಲಗೆ ಓಡಿಸಿ. ಸವೆದರೆ ಮತ್ತೆ ಸಿಗದ ಭಾಗವನ್ನು ಘಾಟಿಯಲ್ಲಿ ಸವೆಸುವುದು ಕಾಪಾಡಿದಂತಲ್ಲ.

ಈ ದಾರಿಯಲ್ಲಿ ಸವಾರ ಒಬ್ಬನೇ ಇರುವುದಿಲ್ಲ ಎಂಬುದನ್ನೂ ಮರೆಯಬಾರದು. ಶಿವರಾತ್ರಿ, ಯುಗಾದಿ, ದೀಪಾವಳಿಯ ಜಾತ್ರೆಗಳಲ್ಲಿ ಮಾದಪ್ಪನ ಪರಸೆ ಉಘೇ ಉಘೇ ಎನ್ನುತ್ತ ಕಾಲ್ನಡಿಗೆಯಲ್ಲಿ ಇದೇ ತಿರುವುಗಳನ್ನು ಹತ್ತುತ್ತದೆ. ಕ್ರೋಮ್ ಹಚ್ಚಿದ ಹಳೆಯ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕು ಹಿಡಿಯುವುದು ತೀರಾ ಕಡಿಮೆ. ಆದ್ದರಿಂದ ಈ ಘಾಟಿಗೆ ಹಳೆಯ ಸೈಕಲ್ ತರುವವರು ಮೊದಲು ಅಲ್ಯೂಮಿನಿಯಂ ರಿಮ್ಮು, ಹೊಸ ಬ್ರೇಕ್ ಬ್ಲಾಕು ಹಾಕಿಸಲೇಬೇಕು. ಮಾರುವವರು ಬಾಟಮ್ ಬ್ರಾಕೆಟ್ ಬಿಚ್ಚಿ ಅಳತೆ ತೋರಿಸಲು ಒಪ್ಪದಿದ್ದರೆ, ಹೆಸರು ಎಷ್ಟೇ ದೊಡ್ಡದಿರಲಿ, ದುಡ್ಡು ಕೊಡಬೇಡಿ.