ಹಗೆತನ ಬೇರೆ, ಜಾತಿ ಬೇರೆ



ರೋಮಿಯೋ ಜೂಲಿಯೆಟ್ ಕಥೆ ಓದಿದ ಕೆಲವರು ‘ನಮ್ಮಲ್ಲಿ ಜಾತಿ ಮೀರಿ ಪ್ರೀತಿಸಿದವರ ಗತಿಯೂ ಇದೇ’ ಅಂತಾರೆ. ಅಲ್ಲ. ಕಣ್ಣೀರು ಒಂದೇ ಇರಬಹುದು, ಕಾರಣ ಒಂದೇ ಅಲ್ಲ.

ಷೇಕ್ಸ್‌ಪಿಯರ್ 1590ರ ದಶಕದಲ್ಲಿ ಬರೆದ ಆ ನಾಟಕ ನಡೆಯೋದು ಇಟಲಿಯ ವೆರೋನಾದಲ್ಲಿ. ಮಾಂಟೆಗ್ಯೂ, ಕ್ಯಾಪ್ಯುಲೆಟ್ ಎರಡೂ ದೊಡ್ಡ ಮನೆ. ಅಂತಸ್ತಿನಲ್ಲಿ ಸರಿಸಮ ಅಂತ ಕವಿ ಮೊದಲಲ್ಲೇ ಹೇಳಿಬಿಡ್ತಾನೆ. ಬೀದಿಯಲ್ಲಿ ಹೊಡೆದಾಡಿದರೆ ತಲೆ ಹೋಗ್ತದೆ ಅಂತ ಅಲ್ಲಿನ ದೊರೆ ಎರಡೂ ಮನೆಯನ್ನು ಗದರಿಸ್ತಾನೆ. ಕೊನೆಗೆ ಮಕ್ಕಳ ಹೆಣದ ಮುಂದೆ ಅಪ್ಪಂದಿರು ಕೈ ಕೈ ಹಿಡೀತಾರೆ, ಬಂಗಾರದ ಪ್ರತಿಮೆ ಮಾಡಿಸ್ತೀವಿ ಅಂತಾರೆ. ಸರೀಕರ ಜಗಳ, ರಾಜಿಯಲ್ಲಿ ಮುಗೀತು.

ಈಗ ನಮ್ಮ ಬೀದರ್ ಜಿಲ್ಲೆಯ ಕಲ್ಯಾಣಕ್ಕೆ ಬನ್ನಿ. 12ನೇ ಶತಮಾನ. ಶರಣ ಪರಂಪರೆ ಹೇಳುವಂತೆ, ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಹುಟ್ಟಿನ ಮಧುವರಸರ ಮಗಳನ್ನು ಕೊಟ್ಟು ಮದುವೆ ಆಯಿತು. ಇಲ್ಲಿ ಎರಡು ಮನೆ ನಡುವೆ ಹಗೆ ಇರಲೇ ಇಲ್ಲ. ಅಪ್ಪಂದಿರಿಬ್ಬರೂ ಶರಣರು, ಇಬ್ಬರೂ ಒಪ್ಪಿದವರು. ಆದರೂ ಏನಾಯಿತು? ದೂರು ಬಿಜ್ಜಳನ ಅರಮನೆಗೆ ಹೋಯಿತು. ಇಬ್ಬರನ್ನೂ ಎಳೆಹೂಟೆ ಕಟ್ಟಿಸಿ ಕೊಂದರು. ಶರಣರು ಊರು ಬಿಟ್ಟು ಚದುರಿದರು. ವೆರೋನಾದ ದೊರೆ ಹೊಡೆದಾಡಿದವರನ್ನು ಗದರಿಸಿದ. ಕಲ್ಯಾಣದ ದೊರೆ ಬೀಗರಾದವರನ್ನು ಕೊಲ್ಲಿಸಿದ!

ಹಗೆತನಕ್ಕೆ ಎರಡು ಮನೆ ಸಾಕು. ಜಾತಿಗೆ ಇಡೀ ಊರೇ ಕಾವಲು. ಹಗೆಯಲ್ಲಿ ಇಬ್ಬರೂ ಏಟು ಕೊಡ್ತಾರೆ, ಇಬ್ಬರೂ ತಿಂತಾರೆ. ಜಾತಿಯ ಏಟು ಮೇಲಿಂದ ಕೆಳಕ್ಕೇ ಬೀಳೋದು. ಕೆಳಗಿನವನ ಕೈ ಹಿಡಿದ ತಮ್ಮ ಮಗಳನ್ನೂ ಅದು ಬಿಡೋದಿಲ್ಲ. ಇಂಥ ಕೊಲೆಯನ್ನು ‘ಎರಡು ಕುಟುಂಬಗಳ ವೈಷಮ್ಯ’ ಅಂತ ಬರೆಯುವವರಿದ್ದಾರೆ. ಯಾರ ವೈಷಮ್ಯ ಸ್ವಾಮಿ? ಕೇರಿಯ ಹುಡುಗನ ಅಪ್ಪ ಅಮ್ಮ ಯಾರ ಮೇಲೆ ಮಚ್ಚು ಎತ್ತಿದ್ದರು?

ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಸಹಭೋಜನ ಸಾಲದು, ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಅಂದರು. ಶಾಸ್ತ್ರದ ಅಧಿಕಾರ ಮುರಿಯದೆ ಆ ಮದ್ದು ಜನರ ಗಂಟಲಲ್ಲಿ ಇಳಿಯೋದಿಲ್ಲ ಅನ್ನೋದನ್ನೂ ತೋರಿಸಿಕೊಟ್ಟರು.

ಕಾನೂನು ತಿಳಿದಿರಲಿ. 1954ರ ವಿಶೇಷ ವಿವಾಹ ಕಾಯ್ದೆ ಜಾತಿ ಕೇಳೋದಿಲ್ಲ. ಆದರೆ 30 ದಿನದ ನೋಟಿಸು ಕಚೇರಿ ಗೋಡೆಗೆ ಅಂಟಿಸ್ತದೆ, ಅಷ್ಟರಲ್ಲಿ ಊರಿಗೆಲ್ಲ ಸುದ್ದಿ! ವಯಸ್ಕರಿಬ್ಬರು ಒಪ್ಪಿದರೆ ಮನೆಯವರ, ಕುಲದವರ ಅಪ್ಪಣೆ ಬೇಕಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬೆದರಿಕೆಯ ದೂರು ತೆಗೆದುಕೊಳ್ಳಲು ಜಿಲ್ಲೆಗೊಂದು ವಿಶೇಷ ಘಟಕ ಇರಬೇಕು ಅಂತಲೂ ಆದೇಶಿಸಿದೆ.

ಅಂಥ ಜೋಡಿ ನಿಮ್ಮ ಬಾಗಿಲಿಗೆ ಬಂದರೆ ಬರೀ ಮರುಗಬೇಡಿ. ನಾಲ್ಕು ಜನ ಜೊತೆಗೂಡಿ ಎಸ್‌ಪಿ ಕಚೇರಿಗೆ ಹೋಗಿ, ರಕ್ಷಣೆ ಕೇಳಿ. ಅರ್ಜಿಯಲ್ಲಿ ‘ಮನೆ ಜಗಳ’ ಅಂತ ಬರೆಯಗೊಡಬೇಡಿ. ಜಾತಿಯನ್ನು ಜಾತಿ ಅಂತಲೇ ಬರೆಸಿ.