ತೊಟ್ಟಿ ಇದ್ದಷ್ಟು ಮೀನು

ನಾಯಿ ಸಾಕಲು ಜಾಗವಿಲ್ಲದ, ತುಳಸಿಕಟ್ಟೆಗೆ ಅಂಗಳವಿಲ್ಲದ ಕೋಲ್ಕತ್ತದ ಫ್ಲ್ಯಾಟುಗಳಲ್ಲಿಯೂ ಗಾಜಿನ ಮೀನುತೊಟ್ಟಿಗೆ ಹೇಗೋ ಒಂದು ಮೂಲೆ ದೊರೆಯುತ್ತದೆ. ಮೀನಿಗಂತೂ ಈ ಊರಿನಲ್ಲಿ ಬರವಿಲ್ಲ. ಬಾಗ್‌ಬಜಾರಿನ ಬಳಿಯ ಗ್ಯಾಲಿಫ್ ಸ್ಟ್ರೀಟಿನ ಭಾನುವಾರದ ಸಂತೆಯಲ್ಲಿ ಪ್ಲಾಸ್ಟಿಕ್ ಚೀಲಗಳೊಳಗೆ ಹತ್ತಾರು ಬಗೆಯ ಮೀನುಗಳು ಮಿನುಗುತ್ತಿರುತ್ತವೆ. ಹೌರಾ, ಹೂಗ್ಲಿ, 24 ಪರಗಣ ಜಿಲ್ಲೆಗಳಲ್ಲಿ ಅಲಂಕಾರದ ಮೀನು ಬೆಳೆಸುವುದು ಅನೇಕ ಕುಟುಂಬಗಳ ಜೀವನೋಪಾಯ. ಇಷ್ಟು ಸಮೃದ್ಧಿಯ ನಡುವೆ ಕೊಳ್ಳುವವರ ಕಣ್ಣು ಮೊದಲು ಬಣ್ಣದ ಮೇಲೆ ಬೀಳುವುದು ಸಹಜ. ಆದರೆ ಬಣ್ಣವು ಕಟ್ಟಕಡೆಗೆ ನೋಡಬೇಕಾದ ಗುಣವೆಂಬುದು ನಮ್ಮ ಅಭಿಪ್ರಾಯ. ಚಾಂದಾ ಎಂಬ ಪಾರದರ್ಶಕ ಮೀನಿನ ಮೈಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ಕ್ರೌರ್ಯ ಈ ವ್ಯಾಪಾರದೊಳಗೆ ಹುಟ್ಟಿದ್ದೇ ಕೊಳ್ಳುವವರ ಬಣ್ಣದ ಮೋಹದಿಂದ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೂ ಹಿಡಿಯುವುದು ಸುಮಾರು 55 ಲೀಟರ್ ನೀರು. ಅಂಗಡಿಯಲ್ಲಿ ಎರಡಂಗುಲವಿದ್ದು ‘ಶಾರ್ಕ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಪಂಗಾಸಿಯಸ್ ಮೀನು ಬೆಳೆದರೆ ಮೀಟರಿನಷ್ಟಾಗಬಲ್ಲದು. ಗುಂಡು ಗಾಜಿನ ಬೋಗುಣಿಯಲ್ಲಿ ಇಡುವ ಗೋಲ್ಡ್‌ಫಿಷ್ ಕೂಡ ಸರಿಯಾಗಿ ಸಾಕಿದರೆ ಗೇಣುದ್ದ ಬೆಳೆದು ಹತ್ತು ವರ್ಷಕ್ಕೂ ಹೆಚ್ಚು ಬಾಳುವ ಜೀವಿ. ಅದು ಆರು ತಿಂಗಳಿಗೆ ಸತ್ತರೆ ‘ಮೀನಿನ ಆಯುಸ್ಸೇ ಅಷ್ಟು’ ಎನ್ನುವುದು ನ್ಯಾಯವಲ್ಲ.

ಗಾತ್ರದ ನಂತರ ನೀರು. ನಗರದ ನಲ್ಲಿಗಳಿಗೆ ಪಾಲ್ತಾ ಮೊದಲಾದೆಡೆ ಶುದ್ಧಗೊಂಡ ಹೂಗ್ಲಿಯ ನೀರು ಬರುತ್ತದೆ; ಮನುಷ್ಯರ ಕ್ಷೇಮಕ್ಕಾಗಿ ಅದಕ್ಕೆ ಬೆರೆಸುವ ಕ್ಲೋರಿನ್ ಮೀನಿನ ಕಿವಿರುಗಳಿಗೆ ವಿಷ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸುವುದು ಹಳೆಯ ಉಪಾಯ. ಅದಕ್ಕಿಂತ ಮುಖ್ಯವಾದುದು ತಾಳ್ಮೆ. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟಾಗಿ, ಬಳಿಕ ಹೆಚ್ಚು ಅಪಾಯವಿಲ್ಲದ ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಅದನ್ನು ಮೀನುಗಳಿಂದ ತುಂಬಿದರೆ ಅವು ತಮ್ಮದೇ ವಿಷದಲ್ಲಿ ಈಜಬೇಕಾಗುತ್ತದೆ. ಹವೆಯೂ ಗಣನೆಗೆ ಬರಬೇಕು. ಡಿಸ್ಕಸ್ ಮೀನಿಗೆ 28 ಡಿಗ್ರಿಯ ಆಸುಪಾಸಿನ ಬೆಚ್ಚನೆಯ ನೀರು ಬೇಕು; ಕೋಲ್ಕತ್ತದ ಜನವರಿಯ ರಾತ್ರಿಗಳು ಹೀಟರಿಲ್ಲದೆ ಅದಕ್ಕೆ ಮಾರಕ. ತಂಪು ಬಯಸುವ ಗೋಲ್ಡ್‌ಫಿಷ್‌ಗೆ ಇಲ್ಲಿನ ಮೇ ತಿಂಗಳು ಕಠಿಣ.

ಹಾಗಾದರೆ ಯಾವುದನ್ನು ತರಬೇಕು? ಬಂಗಾಳದ ಕೆರೆ ತೊರೆಗಳದ್ದೇ ಮೀನುಗಳನ್ನು ಎಂಬುದು ನಮ್ಮ ಉತ್ತರ. ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಹೆಸರಾದ ಝೀಬ್ರಾ ಮೀನು, ಕೆಂಪು ನೀಲಿ ಪಟ್ಟೆಗಳ ಲಾಲ್ ಖೊಲ್ಶೆ, ಕಾಂಚನ್ ಪುಂಟಿ ಇವೆಲ್ಲ ಈ ಸೀಮೆಯವೇ. ಈ ಮೂರನ್ನೂ ವಿಜ್ಞಾನಕ್ಕೆ ಪರಿಚಯಿಸಿದವನು ಕನ್ನಡಿಗರಿಗೆ ಅಪರಿಚಿತನಲ್ಲ. ಟಿಪ್ಪುವಿನ ಪತನಾನಂತರ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಪ್ರಾಂತಗಳನ್ನು ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್, ಮುಂದೆ ಬಂಗಾಳವನ್ನು ಸಮೀಕ್ಷಿಸಿ, ಹ್ಯಾಮಿಲ್ಟನ್ ಎಂಬ ಹೆಸರು ಧರಿಸಿ, 1822ರಲ್ಲಿ ಗಂಗೆಯ ಮೀನುಗಳ ಕುರಿತ ಗ್ರಂಥವನ್ನು ಪ್ರಕಟಿಸಿದನು. ನಮ್ಮ ನಾಡಿನ ಬೆಳೆ, ಮಣ್ಣು, ಕೆರೆಗಳನ್ನು ನೋಡಿ ದಾಖಲಿಸಿದ ಕಣ್ಣುಗಳೇ ಈ ಮೀನುಗಳನ್ನೂ ನೋಡಿದವು.

ಖೊಲ್ಶೆಗೆ ಇನ್ನೊಂದು ಅನುಕೂಲವುಂಟು. ನೀರಿನ ಮೇಲೆ ಬಂದು ನೇರವಾಗಿ ಗಾಳಿ ಹೀರಬಲ್ಲ ಅಂಗ ಅದಕ್ಕಿರುವುದರಿಂದ, ವಿದ್ಯುತ್ ಹೋಗಿ ಪಂಪು ನಿಂತಾಗ ಅದು ಬೇಗನೆ ಕಂಗೆಡುವುದಿಲ್ಲ. ಎರಡಡಿಯ ತೊಟ್ಟಿಗೆ ಗುಂಪಿನಲ್ಲೇ ಬಾಳುವ ಝೀಬ್ರಾ ಮೀನು ಏಳೆಂಟು, ಖೊಲ್ಶೆಯ ಒಂದು ಜೋಡಿ, ಒಂದಿಷ್ಟು ನೀರುಗಿಡ ಸಾಕು. ಖೊಲ್ಶೆಯ ಗಂಡುಗಳು ಪರಸ್ಪರ ಕಾದಾಡುವುದರಿಂದ ಎರಡು ಗಂಡು ಬೇಡ. ಝೀಬ್ರಾ ಹಾರುವ ಮೀನಾದ್ದರಿಂದ ಮುಚ್ಚಳ ಬೇಕು. ಕಾಂಚನ್ ಪುಂಟಿಗೆ ಇನ್ನೂ ದೊಡ್ಡ ತೊಟ್ಟಿ ಇರಲಿ.

ಸ್ಥಳೀಯ ಮೀನೆಂದರೆ ಹೊಳೆಯಿಂದ ಬಾಚಿ ತರುವುದಲ್ಲವೇ ಎಂಬ ಆಕ್ಷೇಪ ಏಳಬಹುದು. ಅದು ತೂಕವಿರುವ ಆಕ್ಷೇಪ. ಕೇರಳ ಮತ್ತು ಕರ್ನಾಟಕದ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಮಾತ್ರ ಹುಟ್ಟುವ ‘ಮಿಸ್ ಕೇರಳ’ ಮೀನು ಅಕ್ವೇರಿಯಂ ವ್ಯಾಪಾರಕ್ಕಾಗಿ ಮಿತಿಮೀರಿ ಹಿಡಿಯಲ್ಪಟ್ಟು, ಇಂದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಆದುದರಿಂದ ಸಾಕಿ ಮರಿ ಮಾಡಿಸಿದ ಮೀನನ್ನೇ ಕೇಳಿ ಕೊಳ್ಳಬೇಕು. ಝೀಬ್ರಾ, ಖೊಲ್ಶೆ, ಪುಂಟಿ ಮೂರೂ ಸಾಕಾಣಿಕೆಯಲ್ಲಿ ಮರಿಮಾಡುವ ಮೀನುಗಳೇ.

ತಪ್ಪು ಆಯ್ಕೆಯ ಬೆಲೆಯನ್ನು ತೆರುವುದು ತೊಟ್ಟಿಯೊಂದೇ ಅಲ್ಲ. ಗಾಜಿನ ಪಾಚಿ ತಿನ್ನಲೆಂದು ತರುವ ದಕ್ಷಿಣ ಅಮೆರಿಕದ ‘ಸಕ್ಕರ್’ ಮೀನು ಒಂದಡಿ ದಾಟಿ ಬೆಳೆದಾಗ, ಕೊಲ್ಲಲು ಮನಸ್ಸಾಗದೆ ಅದನ್ನು ಕೆರೆಗೆ ಬಿಡುವವರಿದ್ದಾರೆ. ಅದು ದಯೆಯಂತೆ ತೋರುತ್ತದೆ. ಆದರೆ ಇದೇ ಮೀನು ಇಂದು ಪೂರ್ವ ಕೋಲ್ಕತ್ತದ ಜೌಗುನೆಲಗಳಲ್ಲಿ ಬೇರೂರಿದೆ. ನಗರದ ಕೊಳೆನೀರನ್ನೇ ಮೀನಾಗಿ ಮಾರ್ಪಡಿಸುವ, 2002ರಲ್ಲಿ ರಾಮ್ಸಾರ್ ಮನ್ನಣೆ ಪಡೆದ ಆ ಭೇರಿಗಳಲ್ಲಿ ಅದು ಸಾಕುಮೀನುಗಳ ಆಹಾರಕ್ಕೆ ಪಾಲುದಾರನಾಗಿ ಬೆಸ್ತರ ಬಲೆಗಳನ್ನು ಹರಿಯುತ್ತದೆ. ನಮ್ಮ ಬೈಠಕ್‌ಖಾನೆಯ ಶೋಕಿಗೆ ಅವರು ದಂಡ ತೆರುವುದು ಸಲ್ಲದು.

ಅಂಗಡಿಯಲ್ಲಿ ಕೇಳಬೇಕಾದುದು ನಾಲ್ಕೇ ಪ್ರಶ್ನೆ: ಇದು ಎಷ್ಟು ದೊಡ್ಡದಾಗುತ್ತದೆ, ಎಷ್ಟು ಜೊತೆಗಾರರು ಬೇಕು, ಎಂಥ ನೀರು ಬೇಕು, ಎಲ್ಲಿ ಹುಟ್ಟಿದ್ದು? ನಾಲ್ಕಕ್ಕೂ ಸಮಾಧಾನಕರ ಉತ್ತರ ದೊರೆತ ಮೇಲೆ ಬಣ್ಣವನ್ನು ನೋಡೋಣ. ಪರಊರಿನ ನೀರಿಗೆ ಹೊಂದಿಕೊಳ್ಳುವ ಕಷ್ಟವನ್ನು ಬಲ್ಲ ನಾವು ಮೀನಿಗೆ ಇಷ್ಟು ವಿಚಾರಣೆಯನ್ನಾದರೂ ಸಲ್ಲಿಸಬೇಕು.