ಕೆಮ್ಮಿನ ಸಿರಪ್ಪೂ ಕಾಯಿದೆಯ ಪುಸ್ತಕವೂ

ಮನೆಯಲ್ಲಿ ಕೆಮ್ಮಿನ ಸಿರಪ್ಪಿನ ಶೀಸೆ ಇದ್ದರೆ ಒಮ್ಮೆ ಕೈಗೆತ್ತಿಕೊಂಡು ನೋಡಿ. ಅದರ ಮೇಲೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳಲ್ಲಿ ಏನೇನೋ ಬರೆದಿರುತ್ತದೆ. ಬ್ಯಾಚ್ ನಂಬರು, ತಯಾರಿಸಿದ ತಿಂಗಳು, ಅವಧಿ ಮುಗಿಯುವ ತಿಂಗಳು, ಲೈಸೆನ್ಸ್ ನಂಬರು, ತಯಾರಕರ ವಿಳಾಸ. ಇವನ್ನು ಓದುವವರು ಕಡಿಮೆ. ಬರೆದವರೂ ಪ್ರೀತಿಯಿಂದ ಬರೆದದ್ದಲ್ಲ, ಕಾಯಿದೆ ಬರೆಸಿದೆ. ಔಷಧಿ ಉದ್ದಿಮೆಯನ್ನು ಹಿಡಿತದಲ್ಲಿಡುವ ಇಂಥ ಕಾಯಿದೆಗಳು ಯಾವ ದೇಶದಲ್ಲಿ, ಯಾವಾಗ, ಏಕೆ ಹುಟ್ಟಿದವು ಎಂದು ಹುಡುಕುತ್ತ ಹೋದರೆ ಒಂದೇ ರಾಸಾಯನಿಕ ಮತ್ತೆ ಮತ್ತೆ ಎದುರಾಗುತ್ತದೆ. ಅದರ ಹೆಸರು ಡೈಎಥಿಲೀನ್ ಗ್ಲೈಕಾಲ್.

ಹೆಸರು ಉದ್ದವಾಯಿತೆಂದು ಹೆದರಬೇಕಿಲ್ಲ. ಹತ್ತನೇ ತರಗತಿಯ ವಿದ್ಯಾರ್ಥಿಗಳಿಗೆ ಇಂಗಾಲದ ಸಂಯುಕ್ತಗಳ ಪಾಠದಲ್ಲಿ ಆಲ್ಕೊಹಾಲ್‌ಗಳ ಪರಿಚಯ ಆಗಿರುತ್ತದೆ. ಇಂಗಾಲದ ಸರಪಳಿಗೆ ಓಎಚ್ ಗುಂಪು ಅಂಟಿಕೊಂಡರೆ ಅದು ಆಲ್ಕೊಹಾಲ್. ಚಳಿಗಾಲದಲ್ಲಿ ಒಡೆದ ತುಟಿಗೆ ಹಚ್ಚಿಕೊಳ್ಳುವ ಗ್ಲಿಸರಿನ್ನಿನಲ್ಲಿ ಮೂರು ಇಂಗಾಲ, ಮೂರು ಓಎಚ್. ಎಥಿಲೀನ್ ಗ್ಲೈಕಾಲ್‌ನಲ್ಲಿ ಎರಡು ಇಂಗಾಲ, ಎರಡು ಓಎಚ್. ಇಂಥ ಎರಡು ಅಣುಗಳು ತಮ್ಮ ನಡುವಿನಿಂದ ಒಂದು ನೀರಿನ ಅಣುವನ್ನು ಹೊರಹಾಕಿ ಜೋಡಿಯಾದರೆ ಡೈಎಥಿಲೀನ್ ಗ್ಲೈಕಾಲ್. ಎಲ್ಲವೂ ಬಣ್ಣವಿಲ್ಲದ, ಮಂದವಾದ, ಸಿಹಿಯಾದ ದ್ರವಗಳು. ಗ್ಲಿಸರಿನ್, ಗ್ಲೈಕಾಲ್, ಗ್ಲೂಕೋಸ್ ಎಂಬ ಹೆಸರುಗಳೆಲ್ಲ ಸಿಹಿ ಎಂಬ ಅರ್ಥದ ಒಂದೇ ಗ್ರೀಕ್ ಪದದಿಂದ ಬಂದವು. (ಹಾಗೆಂದು ಪ್ರಯೋಗಶಾಲೆಯ ಯಾವ ಶೀಸೆಯನ್ನೂ ನಾಲಿಗೆಯಿಂದ ಪರೀಕ್ಷಿಸಬೇಡಿ. ಇದನ್ನು ನಾನು ಪ್ರತಿ ಜೂನ್ ತಿಂಗಳಲ್ಲೂ ಹೇಳುತ್ತೇನೆ, ಇಲ್ಲಿಯೂ ಹೇಳಿಬಿಡುತ್ತೇನೆ.)

ನೋಟದಲ್ಲಿ ಇಷ್ಟು ಹೋಲಿಕೆಯಿದ್ದರೂ ದೇಹದೊಳಗೆ ಹೋದ ಮೇಲೆ ಇವುಗಳ ದಾರಿ ಬೇರೆ. ಗ್ಲಿಸರಿನ್ ನಿರಪಾಯ, ಕೊಬ್ಬು ಜೀರ್ಣವಾದಾಗ ನಮ್ಮ ದೇಹದಲ್ಲೇ ಅದು ಹುಟ್ಟುತ್ತದೆ. ಡೈಎಥಿಲೀನ್ ಗ್ಲೈಕಾಲ್ ಯಕೃತ್ತನ್ನು ತಲುಪಿದಾಗ ಡೈಗ್ಲೈಕಾಲಿಕ್ ಆಮ್ಲವಾಗಿ ಮಾರ್ಪಡುತ್ತದೆ. ಈ ಆಮ್ಲ ಮೂತ್ರಪಿಂಡದ ಜೀವಕೋಶಗಳನ್ನು ಕೊಲ್ಲುತ್ತದೆ. ಮೊದಲು ಹೊಟ್ಟೆನೋವು, ವಾಂತಿ. ಆಮೇಲೆ ಮೂತ್ರ ನಿಂತುಹೋಗುತ್ತದೆ. ಮಕ್ಕಳ ದೇಹ ಸಣ್ಣದು, ಅವರಿಗೆ ಸ್ವಲ್ಪವೇ ಸಾಕು. ಬ್ರೇಕ್ ದ್ರವಕ್ಕೆ, ರೇಡಿಯೇಟರಿನ ನೀರು ಹೆಪ್ಪುಗಟ್ಟದಂತೆ ಮಾಡುವುದಕ್ಕೆ, ಬಣ್ಣದ ಕಾರ್ಖಾನೆಗಳಿಗೆ ಬಳಕೆಯಾಗಬೇಕಾದ ಈ ವಸ್ತು ಔಷಧಿಯ ಶೀಸೆಗೆ ಏಕೆ ಬರುತ್ತದೆ? ಕಾರಣ ಸರಳ. ಪ್ಯಾರಾಸಿಟಮಾಲ್‌ನಂಥ ಔಷಧಿಗಳು ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ. ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿದರೆ ಕರಗುತ್ತವೆ. ಔಷಧಿಗೆ ತಕ್ಕ ಶುದ್ಧತೆಯ ಆ ದ್ರವಗಳಿಗೆ ಬೆಲೆ ಹೆಚ್ಚು. ಕಾರ್ಖಾನೆ ದರ್ಜೆಯ ಗ್ಲೈಕಾಲ್ ಅಗ್ಗ. ಪೀಪಾಯಿಯ ಮುಚ್ಚಳ ತೆಗೆದು ಕಣ್ಣಿನಿಂದ ನೋಡಿದರೆ ಎರಡೂ ಒಂದೇ.

ಮೊದಲ ದೊಡ್ಡ ದುರಂತ ನಡೆದದ್ದು ಅಮೆರಿಕದಲ್ಲಿ, 1937ರಲ್ಲಿ. ಆಗಿನ್ನೂ ಪೆನಿಸಿಲಿನ್ ಬಳಕೆಗೆ ಬಂದಿರಲಿಲ್ಲ. ಸಲ್ಫನಿಲಮೈಡ್ ಎಂಬ ಸಲ್ಫಾ ಔಷಧಿ ಗಂಟಲುಬೇನೆಗೆ ರಾಮಬಾಣವಾಗಿತ್ತು. ಮಾತ್ರೆ ನುಂಗಲಾರದವರಿಗೆ ದ್ರವರೂಪ ಬೇಕೆಂಬ ಬೇಡಿಕೆ ಬಂದಾಗ ಟೆನೆಸಿ ರಾಜ್ಯದ ಮ್ಯಾಸೆಂಗಿಲ್ ಎಂಬ ಕಂಪೆನಿಯ ರಸಾಯನಶಾಸ್ತ್ರಜ್ಞ ಅದನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ. ರಾಸ್ಪ್‌ಬೆರಿ ಹಣ್ಣಿನ ರುಚಿ ಕೊಟ್ಟ. ಕಂಪೆನಿಯವರು ರುಚಿ, ಬಣ್ಣ, ವಾಸನೆ ಪರೀಕ್ಷಿಸಿದರು. ವಿಷವೇ ಅಲ್ಲವೇ ಎಂದು ಒಂದು ಇಲಿಗೂ ಕೊಟ್ಟು ನೋಡಲಿಲ್ಲ. ನೋಡಬೇಕೆಂದು ಆಗಿನ ಕಾಯಿದೆಯಲ್ಲಿ ಎಲ್ಲಿಯೂ ಹೇಳಿರಲಿಲ್ಲ!

ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳು ಬಹಳ. ಸರ್ಕಾರದ ಆಹಾರ ಮತ್ತು ಔಷಧಿ ಇಲಾಖೆ ತನ್ನ ಹೆಚ್ಚುಕಡಿಮೆ ಎಲ್ಲ ಇನ್‌ಸ್ಪೆಕ್ಟರುಗಳನ್ನೂ ಊರೂರಿಗೆ ಅಟ್ಟಿ ಶೀಸೆಗಳನ್ನು ವಾಪಸು ತರಿಸಿತು. ತಯಾರಾಗಿದ್ದುದು 240 ಗ್ಯಾಲನ್; 234 ಗ್ಯಾಲನ್ ಸಿಕ್ಕಿತು. ಎಂದರೆ ಅಷ್ಟು ಸಾವಿಗೆ ಕಾರಣವಾದದ್ದು ಬರೀ ಆರು ಗ್ಯಾಲನ್ನಿನಷ್ಟು ಔಷಧಿ. ಆದರೆ ಆ ಶೀಸೆಗಳನ್ನು ವಶಪಡಿಸಿಕೊಳ್ಳಲು ಇಲಾಖೆಗೆ ಸಿಕ್ಕ ಕಾನೂನಿನ ಆಧಾರವೇನು ಗೊತ್ತೇ? ಔಷಧಿಗೆ ‘ಎಲಿಕ್ಸಿರ್’ ಎಂದು ಹೆಸರಿಟ್ಟಿದ್ದರು. ಎಲಿಕ್ಸಿರ್ ಎಂದರೆ ಅದರಲ್ಲಿ ಮದ್ಯಸಾರ ಇರಬೇಕು, ಇದರಲ್ಲಿ ಇರಲಿಲ್ಲ. ಆದ್ದರಿಂದ ಹೆಸರು ತಪ್ಪು. ಜನರನ್ನು ಕೊಂದದ್ದಕ್ಕೆ ಕಾಯಿದೆಯಲ್ಲಿ ಕಲಮು ಇರಲಿಲ್ಲ, ತಪ್ಪು ಹೆಸರಿಟ್ಟದ್ದಕ್ಕೆ ಇತ್ತು. ಕಂಪೆನಿ ಸುಮಾರು 26 ಸಾವಿರ ಡಾಲರ್ ದಂಡ ಕಟ್ಟಿತು. ಮಗಳನ್ನು ಕಳೆದುಕೊಂಡ ಟಲ್ಸಾ ಊರಿನ ತಾಯಿಯೊಬ್ಬಳು ಅಧ್ಯಕ್ಷ ರೂಸ್‌ವೆಲ್ಟರಿಗೆ ಪತ್ರ ಬರೆದಳು. ವರ್ಷಗಳಿಂದ ಸಂಸತ್ತಿನಲ್ಲಿ ತೆವಳುತ್ತಿದ್ದ ಮಸೂದೆ 1938ರ ಜೂನ್‌ನಲ್ಲಿ ಕಾಯಿದೆಯಾಯಿತು. ಹೊಸ ಔಷಧಿಯನ್ನು ಮಾರುವ ಮೊದಲು ಅದು ಸುರಕ್ಷಿತವೆಂದು ಕಂಪೆನಿಯೇ ಸಾಧಿಸಿ ತೋರಿಸಬೇಕು ಎಂಬ ನಿಯಮ ಅಲ್ಲಿಂದ ಶುರು.

ಈ ಕಥೆಗೆ ಒಂದು ಬಾಲವಿದೆ. ಆಗ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಆ ಔಷಧಿಯಲ್ಲಿನ ವಿಷ ಯಾವುದೆಂದು ಪತ್ತೆಹಚ್ಚಿದ ತಂಡದಲ್ಲಿ ಫ್ರಾನ್ಸೆಸ್ ಕೆಲ್ಸಿ ಎಂಬ ವಿದ್ಯಾರ್ಥಿನಿ ಇದ್ದಳು. 1960ರಲ್ಲಿ ಆಕೆ ಅದೇ ಆಹಾರ ಮತ್ತು ಔಷಧಿ ಇಲಾಖೆಗೆ ಕೆಲಸಕ್ಕೆ ಸೇರಿದಾಗ ಮೇಜಿನ ಮೇಲೆ ಬಂದ ಆರಂಭದ ಅರ್ಜಿಗಳಲ್ಲೊಂದು ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯದು. ಯೂರೋಪಿನಲ್ಲಿ ಅದು ಧಾರಾಳವಾಗಿ ಮಾರಾಟವಾಗುತ್ತಿತ್ತು. ಕಂಪೆನಿ ಅವಸರ ಮಾಡಿತು. ಕೆಲ್ಸಿ ಪುರಾವೆ ಸಾಲದು ಎಂದು ಹಿಡಿದಿಟ್ಟರು. 1961ರ ಕೊನೆಗೆ ಜರ್ಮನಿಯಲ್ಲಿ ಆ ಮಾತ್ರೆಯನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ, ಗರ್ಭಿಣಿಯರಾಗಿದ್ದಾಗ ಅದನ್ನು ತೆಗೆದುಕೊಂಡ ಸಾವಿರಾರು ತಾಯಂದಿರಿಗೆ ಕೈಕಾಲು ಬೆಳೆಯದ ಶಿಶುಗಳು ಹುಟ್ಟಿದ್ದವು. ಅಮೆರಿಕ ಬಹುಮಟ್ಟಿಗೆ ಪಾರಾಯಿತು. 1938ರ ಕಾಯಿದೆ ಇಲ್ಲದಿದ್ದರೆ ಆ ಮಹಿಳೆಗೆ ‘ತಾಳಿ’ ಎನ್ನುವ ಅಧಿಕಾರವೇ ಇರುತ್ತಿರಲಿಲ್ಲ.

ಇನ್ನೊಂದು ಪ್ರಸಂಗ ಆಸ್ಟ್ರಿಯಾದ್ದು. 1985ರಲ್ಲಿ ಅಲ್ಲಿನ ಕೆಲವು ದ್ರಾಕ್ಷಾರಸದ ವ್ಯಾಪಾರಿಗಳು ತಮ್ಮ ತೆಳು ವೈನ್ ಸಿಹಿಯಾಗಿ, ಗಟ್ಟಿಯಾಗಿ ಕಾಣಲೆಂದು ಇದೇ ಡೈಎಥಿಲೀನ್ ಗ್ಲೈಕಾಲನ್ನು ಬೆರೆಸಿದ್ದು ಜರ್ಮನಿಯ ಪ್ರಯೋಗಾಲಯಗಳಲ್ಲಿ ಬಯಲಾಯಿತು. ಯಾರೂ ಸತ್ತ ವರದಿಯಿಲ್ಲ. ಆದರೆ ಆ ದೇಶದ ವೈನ್ ರಫ್ತು ಕುಸಿದುಬಿದ್ದಿತು, ಜುಲೈನಲ್ಲಿ ಗಲಾಟೆಯಾದರೆ ಆಗಸ್ಟ್‌ನಲ್ಲಿ ಕಟ್ಟುನಿಟ್ಟಿನ ಹೊಸ ಕಾಯಿದೆಯೇ ಪಾಸಾಯಿತು. ವ್ಯಾಪಾರಕ್ಕೆ ಪೆಟ್ಟು ಬಿದ್ದರೆ ಕಾಯಿದೆ ಎಷ್ಟು ಬೇಗ ಓಡುತ್ತದೆ ನೋಡಿ!

ಬಡವರ ಮಕ್ಕಳ ವಿಷಯದಲ್ಲಿ ಅದು ನಡೆದುಕೊಂಡೇ ಬಂದಿದೆ. 1990ರ ದಶಕದಲ್ಲಿ ನೈಜೀರಿಯಾ, ಬಾಂಗ್ಲಾದೇಶ, ಹೈಟಿ. ಎಲ್ಲ ಕಡೆಯೂ ಅದೇ ದ್ರವ. ಪನಾಮಾದಲ್ಲಿ 2006ರಲ್ಲಿ ಸರ್ಕಾರವೇ ತಯಾರಿಸಿ ಹಂಚಿದ ಕೆಮ್ಮಿನ ಔಷಧಿಯಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಆ ಪೀಪಾಯಿಗಳು ಚೀನಾದಲ್ಲಿ ಹುಟ್ಟಿ, ಸ್ಪೇನ್ ದಾಟಿ, ದಲ್ಲಾಳಿಯಿಂದ ದಲ್ಲಾಳಿಗೆ ಕೈಬದಲಾಗಿ ಬಂದಿದ್ದವು. ಗ್ಲಿಸರಿನ್ 99.5 ಶೇಕಡ ಶುದ್ಧ ಎಂಬ ಪ್ರಮಾಣಪತ್ರವೂ ಜೊತೆಗಿತ್ತು. ಮೂರು ಖಂಡಗಳಲ್ಲಿ ಕಾಗದ ಕೈಯಿಂದ ಕೈಗೆ ಹೋಯಿತು, ಒಬ್ಬರೂ ಪೀಪಾಯಿಯಿಂದ ಒಂದು ಹನಿ ತೆಗೆದು ಪರೀಕ್ಷಿಸಲಿಲ್ಲ. ಮರುವರ್ಷ ಅದೇ ಪನಾಮಾದ ಅಂಗಡಿಯೊಂದರಲ್ಲಿ ಸಾಧಾರಣ ಸರ್ಕಾರಿ ನೌಕರನೊಬ್ಬ ಟೂತ್‌ಪೇಸ್ಟಿನ ಟ್ಯೂಬಿನ ಮೇಲೆ ಡೈಎಥಿಲೀನ್ ಗ್ಲೈಕಾಲ್ ಎಂದು ಅಚ್ಚಾಗಿದ್ದುದನ್ನು ಓದಿದ. ಟ್ಯೂಬನ್ನು ಕೊಂಡು ತೆಗೆದುಕೊಂಡು ಹೋಗಿ ಅಧಿಕಾರಿಗಳ ಮುಂದಿಟ್ಟ. ಆ ಒಂದು ಓದಿನಿಂದ ಹಲವು ದೇಶಗಳಲ್ಲಿ ಆ ಪೇಸ್ಟು ಅಂಗಡಿಗಳಿಂದ ಹೊರಬಿತ್ತು, 2007ರಲ್ಲೇ ಚೀನಾ ಅದರ ಬಳಕೆಯನ್ನು ನಿಷೇಧಿಸಿತು. ಅಮೆರಿಕವೂ ಅದೇ ವರ್ಷ, ಔಷಧಿಗೆ ಬಳಸುವ ಗ್ಲಿಸರಿನ್ನಿನ ಪ್ರತಿ ಪೀಪಾಯಿಯನ್ನೂ ಈ ವಿಷಕ್ಕಾಗಿ ಪರೀಕ್ಷಿಸಿ ಎಂದು ತಯಾರಕರಿಗೆ ಹೇಳಿತು.

ಇನ್ನು ನಮ್ಮ ಮನೆಯ ಮಾತು. ನಮ್ಮಲ್ಲಿ ಔಷಧಿ ಕಾಯಿದೆ 1940ರಿಂದ ಇದೆ. ಕಚ್ಚಾ ವಸ್ತುವಿನ ಪ್ರತಿ ಬ್ಯಾಚನ್ನೂ ತಯಾರಕ ಪರೀಕ್ಷಿಸಬೇಕು ಎಂಬ ನಿಯಮವೂ ಹಳೆಯದೇ. ಆದರೂ 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್‌ನಿಂದ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದನ್ನು ಬಿಡಿಸಿ ಬಿಡಿಸಿ ಬರೆಯಿತು. 1998ರಲ್ಲಿ ದೆಹಲಿಯ ಸುತ್ತಮುತ್ತ, 2020ರಲ್ಲಿ ಜಮ್ಮುವಿನ ರಾಮನಗರದಲ್ಲಿ ಮಕ್ಕಳು ಸತ್ತರು. ಕಲಬೆರಕೆ ಔಷಧಿಯಿಂದ ಸಾವಾದರೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಎಂದು 2008ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿತ್ತು. ಶಿಕ್ಷೆಯ ಕಲಮು ಬಲವಾಗಿತ್ತು, ಪೀಪಾಯಿಯ ಮುಂದೆ ನಿಲ್ಲುವ ಕೈ ಬಲವಾಗಿರಲಿಲ್ಲ.

2022ರ ಅಕ್ಟೋಬರಿನಲ್ಲಿ ಪಶ್ಚಿಮ ಆಫ್ರಿಕದ ಪುಟ್ಟ ದೇಶ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವಿಗೆ ಹರಿಯಾಣದಲ್ಲಿ ತಯಾರಾದ ಸಿರಪ್ಪುಗಳ ನಂಟಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಔಷಧಿ ಪರೀಕ್ಷಿಸಲು ಆ ದೇಶಕ್ಕೆ ಸ್ವಂತ ಪ್ರಯೋಗಾಲಯವೇ ಇರಲಿಲ್ಲ. ತಾನು ಪರೀಕ್ಷಿಸಿದ ಮಾದರಿಗಳಲ್ಲಿ ದೋಷ ಕಾಣಲಿಲ್ಲವೆಂದು ನಮ್ಮ ಸರ್ಕಾರ ಹೇಳಿತು. ಎರಡೇ ತಿಂಗಳಲ್ಲಿ ಉಜ್ಬೇಕಿಸ್ತಾನದಿಂದ ಅಂಥದೇ ಸುದ್ದಿ. ಈ ಸಲ ನೊಯಿಡಾದ ಕಂಪೆನಿ. ಅಲ್ಲಿ 68 ಮಕ್ಕಳ ಸಾವಿನ ಪ್ರಕರಣದಲ್ಲಿ 2024ರ ಫೆಬ್ರವರಿಯಲ್ಲಿ 23 ಮಂದಿಗೆ ಜೈಲಾಯಿತು, ಅವರಲ್ಲಿ ಒಬ್ಬ ಭಾರತೀಯನಿಗೆ 20 ವರ್ಷ. ಇಂಡೊನೇಷ್ಯಾದಲ್ಲಿ ಅದೇ 2022ರಲ್ಲಿ 200ಕ್ಕೂ ಹೆಚ್ಚು ಮಕ್ಕಳು ಸತ್ತದ್ದು ಅಲ್ಲಿಯದೇ ಸಿರಪ್ಪಿನಿಂದ. ತಯಾರಕ ಕಂಪೆನಿಯ ಮುಖ್ಯಸ್ಥನಿಗೆ ಅಲ್ಲಿನ ಕೋರ್ಟು ಕೊಟ್ಟದ್ದು ಎರಡು ವರ್ಷ. ದೇಶಕ್ಕೊಂದು ತಕ್ಕಡಿ.

ನಮ್ಮ ಸರ್ಕಾರ ಎಚ್ಚೆತ್ತುಕೊಂಡು 2023ರ ಜೂನ್ 1ರಿಂದ ಒಂದು ನಿಯಮ ತಂದಿತು. ರಫ್ತಾಗುವ ಕೆಮ್ಮಿನ ಸಿರಪ್ಪು ಸರ್ಕಾರ ಒಪ್ಪಿದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ, ಪ್ರಮಾಣಪತ್ರ ಪಡೆದ ಮೇಲೆಯೇ ದೇಶ ಬಿಡಬೇಕು. ಒಳ್ಳೆಯ ನಿಯಮ. ಆದರೆ ‘ರಫ್ತಾಗುವ’ ಎಂಬ ಪದದ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಗ್ಯಾಂಬಿಯಾದ ಮಗುವಿಗೆ ಎರಡು ಬಾಗಿಲಿನ ಕಾವಲು ಸಿಕ್ಕಿತು. ನಮ್ಮ ಊರಿನ ಮಗುವಿಗೆ ತಯಾರಕನ ಸ್ವಂತ ಪರೀಕ್ಷೆ ಎಂಬ ಒಂದೇ ಬಾಗಿಲು ಉಳಿಯಿತು. ಕಾರ್ಖಾನೆಗಳ ಶುಚಿತ್ವ, ಯಂತ್ರ, ಪರೀಕ್ಷಾ ವ್ಯವಸ್ಥೆಗಳ ಮಟ್ಟವನ್ನೇ ಏರಿಸುವ ಪರಿಷ್ಕೃತ ‘ಶೆಡ್ಯೂಲ್ ಎಂ’ 2023ರ ಕೊನೆಗೆ ಬಂತು. 250 ಕೋಟಿ ರೂಪಾಯಿ ಮೀರಿದ ವಹಿವಾಟಿನ ಕಂಪೆನಿಗಳಿಗೆ ಆರು ತಿಂಗಳು, ಉಳಿದವರಿಗೆ ಒಂದು ವರ್ಷ ಎಂದು ಗಡುವು. ಸಣ್ಣ ಉದ್ದಿಮೆದಾರರು ಕಾಲಾವಕಾಶ ಕೇಳಿದರು. ಅವರ ಕಷ್ಟ ಸುಳ್ಳಲ್ಲ, ಯಂತ್ರಗಳಿಗೆ ಸಾಲ ಬೇಕು, ಕೆಲಸಗಾರರ ಹೊಟ್ಟೆ ಇದೆ. ಅರ್ಜಿ ಹಾಕಿದವರಿಗೆ 2025ರ ಡಿಸೆಂಬರ್ 31ರವರೆಗೆ ವಾಯಿದೆ ಸಿಕ್ಕಿತು.

ಆ ದಿನ ಬರುವ ಮೊದಲೇ, 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಸಿರಪ್ಪು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಕಾರ್ಖಾನೆಯದು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಶೇಕಡ 48.6ರಷ್ಟಿದೆಯೆಂದು ತಮಿಳುನಾಡು ಸರ್ಕಾರದ ಪ್ರಯೋಗಾಲಯ ವರದಿ ಕೊಟ್ಟಿತು. ಇರಬಹುದಾದ ಮಿತಿ ಶೇಕಡ 0.1. ಎಷ್ಟು ಪಟ್ಟು ಎಂಬ ಲೆಕ್ಕವನ್ನು ವಿದ್ಯಾರ್ಥಿಗಳು ಮಾಡಿಕೊಳ್ಳಲಿ. ಕಾರ್ಖಾನೆಯ ಲೈಸೆನ್ಸ್ ರದ್ದಾಯಿತು, ಮಾಲೀಕನ ಬಂಧನವಾಯಿತು. ಆ ಸಿರಪ್ಪು ವಿದೇಶಕ್ಕೆ ಹೋಗುವ ಸರಕಾಗಿರಲಿಲ್ಲ.

‘ಸಾರ್, ಅಂಗಡಿಯಲ್ಲಿ ಸಿಗುವುದೆಲ್ಲ ಸರ್ಕಾರ ಪರೀಕ್ಷೆ ಮಾಡಿದ್ದೇ ಅಲ್ಲವೇ?’ ಎಂದು ಪೋಷಕರ ಸಭೆಯಲ್ಲಿ ಒಬ್ಬರು ಕೇಳಿದರು. ಅಲ್ಲ. ಲೈಸೆನ್ಸ್ ಎಂದರೆ ಕಾರ್ಖಾನೆಗೆ ತಯಾರಿಸಲು ಕೊಟ್ಟ ಅನುಮತಿ, ಅದನ್ನು ಕೊಡುವುದು ಆಯಾ ರಾಜ್ಯದ ಔಷಧ ನಿಯಂತ್ರಣ ಇಲಾಖೆ. ಇನ್‌ಸ್ಪೆಕ್ಟರು ಅಲ್ಲೊಂದು ಇಲ್ಲೊಂದು ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಉಳಿದದ್ದು ತಯಾರಕನ ಪ್ರಾಮಾಣಿಕತೆ. ಪರೀಕ್ಷೆಯೇನೂ ಬ್ರಹ್ಮವಿದ್ಯೆಯಲ್ಲ. ಶೋಷಕ ಕಾಗದದ ಮೇಲೆ ಶಾಯಿಯ ಚುಕ್ಕಿಯಿಟ್ಟು ನೀರಿನಲ್ಲಿ ನಿಲ್ಲಿಸಿ, ಬಣ್ಣಗಳು ಬೇರೆಬೇರೆಯಾಗಿ ಏರುವುದನ್ನು ನೀವು ಶಾಲೆಯಲ್ಲಿ ನೋಡಿದ್ದೀರಲ್ಲ, ಆ ಕ್ರೊಮಟೋಗ್ರಫಿಯ ದೊಡ್ಡಣ್ಣನೇ ಗ್ಲಿಸರಿನ್ನನ್ನೂ ಗ್ಲೈಕಾಲನ್ನೂ ಬೇರ್ಪಡಿಸಿ ತೋರಿಸುತ್ತಾನೆ. ತೆಳುಪದರದ ಸರಳ ವಿಧಾನಕ್ಕೆ ದೊಡ್ಡ ಯಂತ್ರವೂ ಬೇಡ.

ಪೋಷಕರಿಗೆ ಎರಡು ಮಾತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ಪು ಕೊಡಲೇಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರಿನಲ್ಲಿ ಸಲಹೆ ಮಾಡಿದೆ. ಮಕ್ಕಳ ಸಾಧಾರಣ ಕೆಮ್ಮು ಬಹುಪಾಲು ತಾನೇ ವಾಸಿಯಾಗುತ್ತದೆ. ವೈದ್ಯರೇ ಬರೆದುಕೊಟ್ಟರೆ ಬಿಲ್ಲು ಕೇಳಿ ಪಡೆಯಿರಿ, ಶೀಸೆಯನ್ನು ಮಗು ಗುಣವಾಗುವವರೆಗೆ ಎಸೆಯಬೇಡಿ. ಸಿರಪ್ಪು ಕುಡಿದ ಮಗು ವಾಂತಿ ಮಾಡಿಕೊಂಡು, ಮೂತ್ರ ಮಾಡುವುದು ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಶೀಸೆಯೂ ಜೊತೆಗಿರಲಿ. ವೈದ್ಯರಿಗೂ ಔಷಧ ಇಲಾಖೆಗೂ ಮೊದಲು ಬೇಕಾಗುವುದು ಅದರ ಮೇಲಿನ ಬ್ಯಾಚ್ ನಂಬರು. ಛಿಂದ್ವಾಡಾದ ಸಿರಪ್ಪಿನ ಮೇಲೆ ಅಚ್ಚಾಗಿದ್ದುದು ಎಸ್‌ಆರ್-13.